ರುಜು ಹಾಕುವ ಮೊದಲು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಇಂಗ್ಲಿಷು ನಮಗೆ ಹೊಸದಲ್ಲ. ಆರ್ಡರು, ಬಿಲ್ಲು, ಪಾರ್ಸೆಲ್ಲು, ಶಿಫ್ಟು, ಓವರ್‌ಟೈಮು ಇವೆಲ್ಲ ನಮ್ಮ ನಾಲಗೆಯ ಮೇಲೆ ಕನ್ನಡವೇ ಆಗಿಹೋಗಿವೆ. ಆದರೆ ಗಿರಾಕಿಯ ಇಂಗ್ಲಿಷು ಬೇರೆ, ಕಾಗದದ ಇಂಗ್ಲಿಷು ಬೇರೆ. ರುಜು ಹಾಕೆಂದು ಧಣಿಗಳು ಮುಂದೆ ಚಾಚುವ ಕಾಗದದಲ್ಲಿರುವುದು ಎರಡನೆಯದು. ಅದನ್ನು ನಾವು ಕಲಿಯಲೇಬೇಕು.

ಕಲಿಯುವ ದಾರಿ ಅಷ್ಟು ಕಷ್ಟದ್ದಲ್ಲ. ಕನ್ನಡದಲ್ಲಿ ಕೆಲಸದಿಂದ ಕೆಲಸಗಾರ, ಹೂವಿನಿಂದ ಹೂವಾಡಿಗ ಆಗುವಂತೆ, ಇಂಗ್ಲಿಷಿನಲ್ಲಿಯೂ ಒಂದೇ ಬೇರಿಗೆ ತಲೆ, ಬಾಲ ಹಚ್ಚಿ ಹಲವು ಶಬ್ದ ಮಾಡುತ್ತಾರೆ. 'ಎಂಪ್ಲಾಯರ್' ಎಂದರೆ ಕೆಲಸ ಕೊಡುವವನು, 'ಎಂಪ್ಲಾಯೀ' ಎಂದರೆ ಕೆಲಸಕ್ಕಿರುವವನು. ಬರಹದಲ್ಲಿ ಕೊನೆಯ ಒಂದು ಅಕ್ಷರದ್ದೇ ವ್ಯತ್ಯಾಸ! 'ಪೇ' ಗೊತ್ತಿದ್ದರೆ 'ಪೇಯಬಲ್', 'ಪೇಯ್ಡ್' ಎರಡೂ ಹತ್ತಿರವೇ. ಆದರೆ 'ಪೇಯಬಲ್' ಎಂದರೆ ಹಣ ಇನ್ನು ಕೊಡಬೇಕಾದದ್ದು. 'ಪೇಯ್ಡ್' ಎಂದಲ್ಲಿ ರುಜು ಹಾಕಿದರೆ ಹಣ ಮುಟ್ಟಿತೆಂದು ನಾವೇ ಒಪ್ಪಿದಂತೆ.

ಇನ್ನು ನಮ್ಮನ್ನು ಮನೆಗೆ ಕಳಿಸುವ ಶಬ್ದಗಳು. 'ಲೇ-ಆಫ್' ಎಂದರೆ ಕರೆಂಟು, ಕಚ್ಚಾಮಾಲು ಮುಂತಾದವು ಇಲ್ಲದೆ ಕೆಲಸ ನಿಂತಿದೆ, ಮಸ್ಟರಿನಲ್ಲಿ ಹೆಸರು ಉಳಿದಿದೆ ಎಂದು. 50 ಮತ್ತು ಮೇಲ್ಪಟ್ಟು ಕೆಲಸಗಾರರಿರುವ ಗಿರಣಿಯಲ್ಲಿ, ವರ್ಷ ತುಂಬಿದ ಕಾಯಂ ಕೆಲಸಗಾರನಿಗೆ ಮೂಲ ಪಗಾರ ಮತ್ತು ತುಟ್ಟಿಭತ್ಯೆಯ ಅರ್ಧ ಸಲ್ಲಬೇಕು. 'ರಿಟ್ರೆಂಚ್‌ಮೆಂಟ್' ಎಂದರೆ ತೆಗೆದುಹಾಕುವುದು. ವರ್ಷ ತುಂಬಿದವನಿಗೆ ಕನಿಷ್ಠ ಒಂದು ತಿಂಗಳ ನೋಟೀಸು ಇಲ್ಲವೆ ಅದರ ಪಗಾರ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ. 1947ರ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಹೊಸ ಸಂಹಿತೆ ಬಂದರೂ ಈ ಹಕ್ಕುಗಳು ಉಳಿದಿವೆ.

'ರೆಸಿಗ್ನೇಷನ್' ಎಂದರೆ ನಾವಾಗಿಯೇ ಕೆಲಸ ಬಿಟ್ಟದ್ದು. ಅದಕ್ಕೆ ಆ ಪರಿಹಾರವಿಲ್ಲ. ಪಕ್ಕದಲ್ಲಿ 'ವಾಲಂಟರಿ' ಎಂದು ಕಂಡರೆ ಕೈ ತಡೆಯಿರಿ. 'ಸ್ವಂತ ಇಚ್ಛೆಯಿಂದ' ಎಂದು ಅದರ ಅರ್ಥ. ಧಣಿ ತೆಗೆದದ್ದನ್ನು ನಾವೇ ಬಿಟ್ಟದ್ದಾಗಿ ತೋರಿಸಲು ಆ ಒಂದು ಶಬ್ದ ಸಾಕು.

ನಿಘಂಟು ಬಾಯಿಪಾಠ ಬೇಡ. ಪಗಾರ ಚೀಟಿಯಿಂದ, ನೋಟೀಸು ಬೋರ್ಡಿನಿಂದ ದಿನಕ್ಕೆ ಎರಡೇ ಶಬ್ದ ಬರೆದುಕೊಳ್ಳೋಣ. ವರ್ಷಕ್ಕೆ 730 ಆಗುತ್ತವೆ. ಎದುರಿಗೆ ಕನ್ನಡದ ಅರ್ಥ, ಕೆಳಗೆ ಒಂದು ಪೂರ್ಣ ವಾಕ್ಯ. ಮಧ್ಯಾಹ್ನ ಗಿರಾಕಿ ಕಡಿಮೆಯಿರುವಾಗ ಒಬ್ಬರು ಕೇಳಲಿ, ಇನ್ನೊಬ್ಬರು ಹೇಳಲಿ. ಮೂರನೆಯ ದಿನ ಒಮ್ಮೆ, ವಾರ ಕಳೆದು ಇನ್ನೊಮ್ಮೆ ಕೇಳಬೇಕು. ಬರೇ ಓದಿದ್ದು ಮರೆಯುತ್ತದೆ, ಬಾಯಲ್ಲಿ ಆಡಿದ್ದು ಉಳಿಯುತ್ತದೆ.

ಅಷ್ಟರವರೆಗೆ, ತಿಳಿಯದ ಶಬ್ದವಿರುವ ಯಾವ ಕಾಗದವನ್ನಾದರೂ ಸಂಘಕ್ಕೆ ತನ್ನಿ. ಕೂತು ಒಟ್ಟಿಗೆ ಓದೋಣ, ರುಜು ಆಮೇಲೆ.