ಬಾಯಲ್ಲಿ ಹೇಳಿದ ದೂರು ಲೆಕ್ಕಕ್ಕಿಲ್ಲ



ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಕೆಲಸದ ಬಗ್ಗೆ, ಊರಿನವರಿಗೆ ಉಪಯೋಗವಾಗುವಂತೆ ನಾಲ್ಕು ಮಾತು ಆಡಬೇಕು ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನನ್ನ ಕೆಲಸ ಏನೆಂದು ಹೇಳಿದರೆ ಕೆಲವರಿಗೆ ನಗು ಬರುತ್ತದೆ. ನಾನು ಗಾಡಿ ತಯಾರಿಸುವವನಲ್ಲ, ಮಾರುವವನಲ್ಲ, ರಿಪೇರಿ ಮಾಡುವವನೂ ಅಲ್ಲ. ಗಾಡಿಗಳ ಬಗ್ಗೆ ಜನ ಕೊಟ್ಟ ದೂರುಗಳನ್ನು, ಕಂಪನಿಗಳು ಹೊರಡಿಸಿದ ರೀಕಾಲ್ ಪ್ರಕಟಣೆಗಳನ್ನು, ಡಿಕ್ಕಿ ಪರೀಕ್ಷೆಯ ವರದಿಗಳನ್ನು ಓದಿ ಒಂದರ ಪಕ್ಕ ಒಂದು ಇಟ್ಟು ನೋಡುವವನು. ಬೆಳಗ್ಗೆಯಿಂದ ಸಂಜೆಯವರೆಗೆ ಕಾಗದ ಓದುವುದೇ ಕೆಲಸ.

ರೀಕಾಲ್ ಎಂದರೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ತಾನು ಮಾರಿದ ಗಾಡಿಯಲ್ಲಿ ಜೀವಕ್ಕೆ ಅಪಾಯ ತರುವ ದೋಷವಿದೆ ಎಂದು ಗೊತ್ತಾದಾಗ, ಕಂಪನಿ ಅಂಥ ಎಲ್ಲ ಗಾಡಿಗಳನ್ನೂ ವಾಪಸ್ ಕರೆಸಿ, ದುಡ್ಡು ತೆಗೆದುಕೊಳ್ಳದೆ ಸರಿಮಾಡಿ ಕೊಡಬೇಕು. ಅದೇ ರೀಕಾಲ್. ಅದು ಕಂಪನಿ ತೋರಿಸುವ ಔದಾರ್ಯವಲ್ಲ, ನಮ್ಮ ಹಕ್ಕು. ಆದರೆ ದೋಷ ಇದೆ ಎಂದು ಗೊತ್ತಾಗುವುದು ಹೇಗೆ? ಬಹುಪಾಲು ಸಲ, ಗಾಡಿ ಓಡಿಸುವವರು ಹೇಳಿದ್ದರಿಂದ. ಆ ಹೇಳಿದ ಮಾತು ಎಲ್ಲಿ ಹೋಗಿ ಸೇರುತ್ತದೆ ಎಂಬುದರ ಮೇಲೆ ಎಷ್ಟೋ ಜೀವಗಳು ನಿಂತಿವೆ. ಇದನ್ನು ತಿಳಿಸಲು ಅಮೆರಿಕದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಅಲ್ಲಿನದೇ ಏಕೆಂದರೆ, ಈ ದಾಖಲೆಗಳನ್ನು ಇಡುವ ಪದ್ಧತಿ ಅಲ್ಲಿ ಹಳೆಯದು. 1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲರು ಕಾರು ಕಂಪನಿಗಳ ಅಲಕ್ಷ್ಯದ ಬಗ್ಗೆ ಒಂದು ಪುಸ್ತಕ ಬರೆದರು. ಮರುವರ್ಷವೇ, 1966ರಲ್ಲಿ, ವಾಹನ ಸುರಕ್ಷತೆಯ ಕಾನೂನು ಬಂತು. ಇಂದು ಅಲ್ಲಿ ಯಾರು ಬೇಕಾದರೂ ತಮ್ಮ ಗಾಡಿಯ ಬಗ್ಗೆ ಸರ್ಕಾರದ ಸುರಕ್ಷತಾ ಇಲಾಖೆಗೆ ದೂರು ಬರೆಯಬಹುದು. ಬೇರೆಯವರು ಬರೆದ ದೂರುಗಳನ್ನೂ ಓದಬಹುದು.

ಜನರಲ್ ಮೋಟಾರ್ಸ್ ಅಲ್ಲಿನ ದೊಡ್ಡ ಕಾರು ಕಂಪನಿ. ಅದರ ಷೆವರ್ಲೆ ಕೋಬಾಲ್ಟ್ ಎಂಬ ಕಾರಿನ ಕೀಲಿ ಹಾಕಿ ತಿರುಗಿಸುವ ಸ್ವಿಚ್ ಸಡಿಲವಾಗಿತ್ತು. ಕೀಲಿ ಗೊಂಚಲು ಭಾರವಾಗಿದ್ದರೆ, ಮೊಣಕಾಲು ತಾಗಿದರೆ, ಗಾಡಿ ಕುಲುಕಿದರೆ, ಕೀಲಿ ತಾನಾಗಿ ಹಿಂದಕ್ಕೆ ತಿರುಗಿಬಿಡುತ್ತಿತ್ತು. ಓಡುತ್ತಿದ್ದ ಕಾರಿನ ಎಂಜಿನ್ ನಿಂತುಹೋಗುತ್ತಿತ್ತು. ಎಂಜಿನ್ ನಿಂತರೆ ಸ್ಟೇರಿಂಗ್ ಗಟ್ಟಿಯಾಗುತ್ತದೆ, ಬ್ರೇಕ್ ಒತ್ತಲು ಬಹಳ ಬಲ ಬೇಕಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಆ ಸ್ಥಿತಿಯಲ್ಲಿ ಕಾರು ಡಿಕ್ಕಿ ಹೊಡೆದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ.

ಜನ ದೂರು ಹೇಳಿದರು. 2005ರ ಕೊನೆಯಲ್ಲಿ ಕಂಪನಿ ತನ್ನ ಡೀಲರ್‌ಗಳಿಗೆ ಸೂಚನೆ ಕಳಿಸಿತು: ಗಿರಾಕಿಗಳು ಕೇಳಿದರೆ, ಕೀಲಿ ಗೊಂಚಲಿನಲ್ಲಿರುವ ಭಾರದ ವಸ್ತುಗಳನ್ನು ತೆಗೆಯಲು ಹೇಳಿ ಎಂದು! ಕಂಪನಿಯ ಕಡತಗಳಲ್ಲಿ ಇದು ಗಿರಾಕಿಯ ಅನುಕೂಲದ ವಿಷಯ ಎಂದು ದಾಖಲಾಗಿತ್ತು, ಸುರಕ್ಷತೆಯ ವಿಷಯ ಎಂದಲ್ಲ. ಒಂದು ಪದ ಬೇರೆಯಾಗಿದ್ದಕ್ಕೆ ಕಡತ ಬೇರೆ ಮೇಜಿಗೆ ಹೋಯಿತು.

2006ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ಕೋಬಾಲ್ಟ್ ಮರಕ್ಕೆ ಗುದ್ದಿ ಇಬ್ಬರು ಹದಿಹರೆಯದ ಹುಡುಗಿಯರು ತೀರಿಕೊಂಡರು. ಏರ್‌ಬ್ಯಾಗ್ ಬಿಚ್ಚಿಕೊಂಡಿರಲಿಲ್ಲ. ಅಲ್ಲಿನ ಹೆದ್ದಾರಿ ಪೊಲೀಸ್ ಅಧಿಕಾರಿಯೊಬ್ಬರು ತನಿಖೆ ಮಾಡಿದರು. ಅವರು ಎಂಜಿನಿಯರ್ ಅಲ್ಲ. ಅಪಘಾತದ ಹೊತ್ತಿಗೆ ಕೀಲಿ ಯಾವ ಸ್ಥಾನದಲ್ಲಿತ್ತು ಎಂಬುದನ್ನು ಗಮನಿಸಿದರು. ಕಂಪನಿ ಡೀಲರ್‌ಗಳಿಗೆ ಕಳಿಸಿದ್ದ ಆ ಸೂಚನೆಯನ್ನು ಹುಡುಕಿ ತೆಗೆದರು. ಸರ್ಕಾರದ ದೂರಿನ ದಾಖಲೆಯಲ್ಲಿ ಇದೇ ರೀತಿ ಎಂಜಿನ್ ನಿಂತ ಬೇರೆ ಕಾರುಗಳ ದೂರುಗಳನ್ನು ಓದಿದರು. ಕೀಲಿ ತಿರುಗಿದ್ದರಿಂದ ಏರ್‌ಬ್ಯಾಗ್ ಬಿಚ್ಚಿಕೊಂಡಿಲ್ಲ ಎಂದು 2007ರ ತಮ್ಮ ವರದಿಯಲ್ಲಿ ಬರೆದರು. ಆ ವರದಿ ಕಂಪನಿಯ ಕಡತಕ್ಕೂ ಸೇರಿತು, ಸರ್ಕಾರದ ಕಡತಕ್ಕೂ ಸೇರಿತು. ಸೇರಿ ಸುಮ್ಮನೆ ಮಲಗಿತು.

2010ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಒಬ್ಬ ಯುವತಿ ಅದೇ ಮಾದರಿಯ ಕಾರಿನಲ್ಲಿ ತೀರಿಕೊಂಡಳು. ಕೆಲವೇ ದಿನ ಮುಂಚೆ, ಕಾರು ಓಡುತ್ತಲೇ ನಿಂತುಹೋಗುತ್ತದೆ ಎಂದು ಅವಳು ಅದನ್ನು ಡೀಲರ್ ಬಳಿ ಬಿಟ್ಟು ಬಂದಿದ್ದಳು. ಅವಳ ತಂದೆ ತಾಯಿ ಮೊಕದ್ದಮೆ ಹೂಡಿದರು. ಅವರ ಪರವಾಗಿ ಒಬ್ಬ ತಜ್ಞರು ಅವಳ ಕಾರಿನ ಸ್ವಿಚ್ಚನ್ನು ಬಿಚ್ಚಿ, ನಂತರದ ವರ್ಷಗಳಲ್ಲಿ ತಯಾರಾದ ಸ್ವಿಚ್ಚಿನ ಪಕ್ಕ ಇಟ್ಟು ಅಳೆದರು. ಒಳಗಿನ ಒಂದು ಸಣ್ಣ ಕಡ್ಡಿಯ ಉದ್ದದಲ್ಲಿ ಎರಡು ಮಿಲಿಮೀಟರ್‌ಗೂ ಕಡಿಮೆ ವ್ಯತ್ಯಾಸ! ಕಂಪನಿ 2006ರಲ್ಲೇ ಸ್ವಿಚ್ಚನ್ನು ಬಿಗಿ ಮಾಡಿತ್ತು. ಆದರೆ ಬಿಡಿಭಾಗದ ನಂಬರ್ ಬದಲಿಸಿರಲಿಲ್ಲ. ಹಳೆಯ ಸ್ವಿಚ್ಚಿಗೂ ಹೊಸ ಸ್ವಿಚ್ಚಿಗೂ ಒಂದೇ ನಂಬರ್. ಹೊಸ ಕಾರುಗಳಲ್ಲಿ ತೊಂದರೆ ಏಕೆ ಕಡಿಮೆ ಎಂದು ಕಂಪನಿಯ ಒಳಗೆ ತನಿಖೆ ಮಾಡುತ್ತಿದ್ದವರಿಗೇ ಅರ್ಥವಾಗದಂತೆ ಅದು ಮುಚ್ಚಿಹೋಗಿತ್ತು.

ಕೊನೆಗೆ 2014ರಲ್ಲಿ ಸುಮಾರು 26 ಲಕ್ಷ ಕಾರುಗಳ ರೀಕಾಲ್ ಆಯಿತು. ಕಂಪನಿ ಸ್ಥಾಪಿಸಿದ ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ಕೊಟ್ಟಿತು. ಆ ಪೊಲೀಸ್ ಅಧಿಕಾರಿ ಮೂರು ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು 2007ರಲ್ಲಿ ಕಂಡಿದ್ದನ್ನು ಒಪ್ಪಿಕೊಳ್ಳಲು ಇನ್ನೂ ಏಳು ವರ್ಷ ಬೇಕಾಯಿತು. ಮಕ್ಕಳೇ, ಗಮನಿಸಿ. ಅವರು ಬಳಸಿದ ವಿದ್ಯೆ ನಿಮ್ಮ ಒಂಬತ್ತನೇ ತರಗತಿಗಿಂತ ಮೇಲಿನದಲ್ಲ. ಓದುವುದು, ಹೋಲಿಸುವುದು, ಸ್ಪಷ್ಟವಾಗಿ ಬರೆಯುವುದು ಇಷ್ಟೇ. ಹಾಗೆಯೇ ಇನ್ನೊಂದು ಮಾತು. ಅವರಿಗಿಂತ ಮೊದಲು ಯಾರೋ ಅಪರಿಚಿತರು ದೂರು ಬರೆದಿಟ್ಟಿರದಿದ್ದರೆ ಅವರಿಗೆ ಹೋಲಿಸಲು ಏನೂ ಸಿಗುತ್ತಿರಲಿಲ್ಲ.

ಈಗ ನಮ್ಮ ಊರಿಗೆ ಬರೋಣ. ನಮ್ಮಲ್ಲಿ ಹೊಸ ಬೈಕು ಓಡುತ್ತಾ ಓಡುತ್ತಾ ಆಫ್ ಆದರೆ ಏನು ಮಾಡುತ್ತೇವೆ? ಷೋರೂಮಿಗೆ ಹೋಗಿ, "ಅಣ್ಣಾ, ಗಾಡಿ ರೋಡಲ್ಲೇ ಆಫ್ ಆಗ್ತದೆ" ಅನ್ನುತ್ತೇವೆ. ಅವರು "ಹೊಸ ಗಾಡಿ ಅಲ್ವಾ, ಸೆಟ್ ಆಗ್ತದೆ ಬಿಡಿ" ಅನ್ನುತ್ತಾರೆ. ಜಾಬ್ ಕಾರ್ಡಿನಲ್ಲಿ ಜನರಲ್ ಚೆಕಪ್ ಎಂದು ಬರೆದುಕೊಳ್ಳುತ್ತಾರೆ. ಎರಡನೇ ಸಲವೂ ಹಾಗೇ ಆದರೆ ನಮ್ಮ ಪರಿಚಯದ ಗ್ಯಾರೇಜಿಗೆ ಹೋಗಿ ಒಂದು ತಂತಿ ಕಟ್ಟಿಸಿಕೊಂಡು ಬರುತ್ತೇವೆ. ನಮ್ಮ ಕೆಲಸ ಆಯಿತು. ಆದರೆ ಪಕ್ಕದ ತಾಲ್ಲೂಕಿನಲ್ಲಿ ಅದೇ ಮಾದರಿಯ ಬೈಕಿನಲ್ಲಿ ಹೆಂಡತಿ ಮಗುವನ್ನು ಕೂರಿಸಿಕೊಂಡು ಹೋಗುವವನಿಗೆ ಅದು ಹೇಗೆ ಗೊತ್ತಾಗಬೇಕು? ಬಾಯಲ್ಲಿ ಹೇಳಿದ ದೂರು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನಮ್ಮ ದೇಶದಲ್ಲೂ ಈಗ ಕಾನೂನಿದೆ. 2012ರಿಂದ ಕಂಪನಿಗಳು ತಾವಾಗಿ ರೀಕಾಲ್ ಮಾಡುವ ಒಂದು ಸಂಹಿತೆ ಇತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ದೋಷವಿರುವ ಗಾಡಿಗಳನ್ನು ವಾಪಸ್ ಕರೆಸಲು ಕಂಪನಿಗೆ ಆಜ್ಞೆ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ಗಾಡಿಗಳಿಗೆ ಇದು ಅನ್ವಯ. ಕಂಪನಿ ತಾನಾಗಿ ಕರೆಸದೆ ಸರ್ಕಾರವೇ ಆಜ್ಞೆ ಮಾಡಬೇಕಾಗಿ ಬಂದರೆ, ಗಾಡಿಯ ಬಗೆ ಮತ್ತು ಸಂಖ್ಯೆ ನೋಡಿ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಕೇಂದ್ರ ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಗಾಡಿಯ ಮಾಲೀಕರೇ ದೂರು ದಾಖಲಿಸಬಹುದು. ಇದರಲ್ಲಿ ಮುಖ್ಯವಾದ ಮಾತೊಂದಿದೆ. ಒಂದೇ ದೋಷದ ಬಗ್ಗೆ ಇಂತಿಷ್ಟು ಮಾಲೀಕರಿಂದ ದೂರು ಬಂದರೆ ಸರ್ಕಾರ ಮುಂದಿನ ಕ್ರಮಕ್ಕೆ ಇಳಿಯುತ್ತದೆ. ಅಂದರೆ ದೂರುಗಳನ್ನು ಎಣಿಸುತ್ತಾರೆ. ನೀವು ಬರೆಯದಿದ್ದರೆ ಎಣಿಕೆಯಲ್ಲಿ ಒಂದು ಕಡಿಮೆ.

ದೂರು ಬರೆಯುವ ಕ್ರಮವನ್ನು ಇದೇ ಶಾಲೆಯಲ್ಲಿ ಕಲಿತಿದ್ದೇವೆ. ಇಂದ, ಗೆ, ವಿಷಯ, ಮಾನ್ಯರೇ. ಪರೀಕ್ಷೆಯಲ್ಲಿ ಅಂಕಕ್ಕಾಗಿ ಬರೆದ ಪತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ತಾರೀಖು ಬರೆಯಿರಿ. ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಆಗಿತ್ತು, ಯಾವ ವೇಗದಲ್ಲಿದ್ದಿರಿ, ಏರುದಾರಿಯೋ ಸಮದಾರಿಯೋ, ಮಳೆ ಇತ್ತೇ, ಮೊದಲು ಏನಾಯಿತು, ಆಮೇಲೆ ಏನಾಯಿತು, ಇಷ್ಟನ್ನು ಬರೆಯಿರಿ. ಕಾರಣ ಊಹಿಸಬೇಡಿ, ಬೈಯಬೇಡಿ. "ಗಾಡಿ ಸರಿಯಿಲ್ಲ" ಎಂದು ಬರೆದರೆ ನನ್ನಂಥವನು ಅದನ್ನು ಯಾವುದರ ಪಕ್ಕವೂ ಇಡಲಾರ. "ನಲವತ್ತರ ವೇಗದಲ್ಲಿ ಹಂಪ್ ದಾಟಿದಾಗ ಎಂಜಿನ್ ನಿಂತಿತು, ಹೀಗೆ ಮೂರು ಸಲ ಆಗಿದೆ" ಎಂದರೆ ಇಡಬಲ್ಲ. ಸರ್ವಿಸಿಗೆ ಬಿಡುವಾಗ ನಿಮ್ಮ ಮಾತನ್ನೇ ಜಾಬ್ ಕಾರ್ಡಿನಲ್ಲಿ ಬರೆಸಿ, ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಬಿಚ್ಚಿದ ಪಾರ್ಟಿನ ಫೋಟೋ ತೆಗೆಯಿರಿ.

ಇನ್ನು ಸೆಕೆಂಡ್ ಹ್ಯಾಂಡ್ ಗಾಡಿ. ನಮ್ಮ ಊರಿನಲ್ಲಿ ಕಾರುಗಳು ಬರುವುದು ಹೆಚ್ಚಾಗಿ ಹಾಗೆಯೇ. ರೀಕಾಲ್ ಆದಾಗ ಕಂಪನಿ ತಿಳಿಸುವುದು ತನ್ನ ಪುಸ್ತಕದಲ್ಲಿರುವ ಮಾಲೀಕರಿಗೆ. ಗಾಡಿ ಎರಡು ಕೈ ದಾಟಿ ಬಂದಿದ್ದರೆ ಆ ಸುದ್ದಿ ನಿಮ್ಮ ತನಕ ಬರುವುದಿಲ್ಲ. ಟಕಾಟ ಎಂಬ ಜಪಾನಿ ಕಂಪನಿಯ ಏರ್‌ಬ್ಯಾಗುಗಳ ಕತೆ ಕೇಳಿರಬಹುದು. ಅದರೊಳಗಿನ ರಾಸಾಯನಿಕ ವರ್ಷಗಟ್ಟಲೆ ಸೆಕೆ, ತೇವ ಹೀರಿ ಕೆಟ್ಟು, ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಲೋಹದ ಚೂರುಗಳು ಮುಖಕ್ಕೆ ಸಿಡಿಯುತ್ತಿದ್ದವು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗುಗಳನ್ನು ವಾಪಸ್ ಕರೆಸಬೇಕಾಯಿತು. ಭಾರತದಲ್ಲೂ ಇದೇ ಕಾರಣಕ್ಕೆ ಕಾರುಗಳ ರೀಕಾಲ್ ಆಗಿದೆ. ಕಾರು ಹಳತಾದಷ್ಟೂ ಅಪಾಯ ಹೆಚ್ಚು, ಹಳೆಯ ಕಾರು ಹೋಗುವುದು ಕಡಿಮೆ ದುಡ್ಡಿದ್ದವರ ಮನೆಗೆ. ಆದ್ದರಿಂದ ಹಳೆಯ ಗಾಡಿ ಕೊಳ್ಳುವಾಗ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ನೋಡಿ. ಅದರಲ್ಲಿ ಅಕ್ಷರ ಅಂಕೆ ಸೇರಿ 17 ಇರುತ್ತವೆ. ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಅದರಲ್ಲಿ ಬರುವುದಿಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲಿ ಎಂದು. ಅನೇಕ ಕಂಪನಿಗಳ ವೆಬ್‌ಸೈಟಿನಲ್ಲಿ ಈ ನಂಬರ್ ಹಾಕಿದರೆ ನಿಮ್ಮ ಗಾಡಿಗೆ ರೀಕಾಲ್ ಬಾಕಿ ಇದೆಯೇ ಎಂದು ತಿಳಿಯುತ್ತದೆ. ಇಲ್ಲವಾದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಕೊನೆಯದಾಗಿ, ಡಿಕ್ಕಿ ಪರೀಕ್ಷೆ. ಕಾರಿನೊಳಗೆ ಗೊಂಬೆಗಳನ್ನು ಕೂರಿಸಿ, ಬೆಲ್ಟ್ ಹಾಕಿ, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಡ್ಡಗಟ್ಟೆಗೆ ಗುದ್ದಿಸುತ್ತಾರೆ. ಗೊಂಬೆಯ ತಲೆ, ಕುತ್ತಿಗೆ, ಎದೆಗೆ ಎಷ್ಟು ಪೆಟ್ಟಾಯಿತೆಂದು ಅಳೆದು ನಕ್ಷತ್ರ ಕೊಡುತ್ತಾರೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ, ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಹೀಗೆ ಗುದ್ದಿಸಿದ ಫಲಿತಾಂಶ ಪ್ರಕಟಿಸಿತು. ಐದಕ್ಕೂ ಸೊನ್ನೆ ನಕ್ಷತ್ರ. ಆ ಸೊನ್ನೆಗಳು ಎಲ್ಲರ ಕಣ್ಣಿಗೂ ಬಿದ್ದಿದ್ದು ಒಳ್ಳೆಯದೇ ಆಯಿತು. 2018ರಲ್ಲಿ ಭಾರತದಲ್ಲೇ ತಯಾರಾದ ಟಾಟಾ ನೆಕ್ಸಾನ್ ಅದೇ ಸಂಸ್ಥೆಯಿಂದ ಐದು ನಕ್ಷತ್ರ ಪಡೆಯಿತು. 2019ರ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ನಡೆಯುತ್ತಿದೆ. ಕಾರು ಕೊಳ್ಳುವವರು ಮೈಲೇಜ್ ಕೇಳುತ್ತೀರಿ, ಒಳ್ಳೆಯದು. ಜೊತೆಗೆ ನಕ್ಷತ್ರ ಎಷ್ಟು ಎಂದೂ ಕೇಳಿ. ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂದು ಬೇರೆ ಬೇರೆ ಕೊಟ್ಟಿರುತ್ತಾರೆ, ಎರಡನ್ನೂ ನೋಡಿ. ಯಾವ ವರ್ಷ ಪರೀಕ್ಷೆಯಾದ ಮಾದರಿ ಎಂದೂ ನೋಡಿ. ಹಾಗೆಯೇ ನೆನಪಿರಲಿ, ಆ ಗೊಂಬೆಗಳೆಲ್ಲ ಬೆಲ್ಟ್ ಹಾಕಿಕೊಂಡಿರುತ್ತವೆ. ಬೆಲ್ಟ್ ಹಾಕದವನಿಗೆ ಆ ನಕ್ಷತ್ರ ಅನ್ವಯಿಸುವುದಿಲ್ಲ.

ನನ್ನ ಮಾತು ಮುಗಿಯಿತು. ಇಂದು ಊಟವಾದ ಮೇಲೆ ನಾನು ಕಂಪ್ಯೂಟರ್ ಕೊಠಡಿಯಲ್ಲಿ ಇರುತ್ತೇನೆ. ಹತ್ತನೇ ತರಗತಿಯ ಮಕ್ಕಳು ನಾಲ್ಕು ಜನ ಜೊತೆಗೆ ಕೂರಲು ಒಪ್ಪಿದ್ದಾರೆ. ಮನೆಯಲ್ಲಿರುವ ಬೈಕು, ಕಾರು, ಗೂಡ್ಸ್ ಗಾಡಿಯ ಆರ್‌ಸಿ ತನ್ನಿ, ಚಾಸಿಸ್ ನಂಬರ್ ಹಾಕಿ ನೋಡೋಣ. ಹೇಳಿಕೊಳ್ಳದೆ ಉಳಿದ ದೂರು ಇದ್ದರೆ, ಮಕ್ಕಳು ಬರೆದುಕೊಡುತ್ತಾರೆ. ತಪ್ಪಿಲ್ಲದೆ ಬರೆಯುತ್ತಾರೆ, ಕನ್ನಡ ಮೇಷ್ಟ್ರು ಪಕ್ಕದಲ್ಲೇ ಇರುತ್ತಾರೆ.