ಗಾಳಿ ತೆಗೆದು ಆಹಾರ ಕಾಯುವ ಯಂತ್ರ: ಕೊಳ್ಳುವ ಮುನ್ನ ದಂಪತಿಗಳು ತಿಳಿಯಬೇಕಾದುದು
(ಕುರಕುಂಟಾ ಭಾಗದ ದಂಪತಿಗಳಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಸಂಕ್ರಾಂತಿಯ ಆಸುಪಾಸಿನಲ್ಲಿ ಕುರಕುಂಟಾ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಕಣಗಳಲ್ಲಿ ತೊಗರಿಯ ರಾಶಿ ನಡೆಯುತ್ತಿರುತ್ತದೆ. ಈ ಜಿಲ್ಲೆಯನ್ನು ತೊಗರಿಯ ಕಣಜವೆಂದು ನಾಡೆಲ್ಲ ಕರೆಯುತ್ತದೆ. ಇಲ್ಲಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರಕಿತು. ಆದರೂ ಆ ತೊಗರಿಯನ್ನು ಬೆಳೆದ ಅನೇಕ ಮನೆಗಳಲ್ಲಿ ಶ್ರಾವಣ ಬರುವುದರೊಳಗೆ ಬೇಳೆಯ ಡಬ್ಬಿ ಬರಿದಾಗಿರುತ್ತದೆ. ಸಾಲದ ಒತ್ತಡಕ್ಕೆ ರಾಶಿಯ ವಾರದಲ್ಲೇ ಎಲ್ಲವನ್ನೂ ಮಾರುವುದು ಇದಕ್ಕೆ ಒಂದು ಕಾರಣ. ಉಳಿಸಿಕೊಂಡ ಕಾಳು ಹುಳದ ಪಾಲಾಗುವುದು ಇನ್ನೊಂದು ಕಾರಣ. ಹೇಗಾದರೂ ನಷ್ಟ ತಟ್ಟುವುದು ಗರ್ಭಿಣಿಯ ತಾಟಿಗೆ, ಹಾಲು ಬಿಡುತ್ತಿರುವ ಕೂಸಿನ ಬಟ್ಟಲಿಗೆ.

ಈಚೆಗೆ ಚೀಲದೊಳಗಿನ ಗಾಳಿಯನ್ನು ಹೀರಿ ಅದರ ಬಾಯಿಯನ್ನು ಕಾಯಿಸಿ ಬೆಸೆಯುವ ಸಣ್ಣ ಯಂತ್ರಗಳು ಪೇಟೆಗೆ ಬಂದಿವೆ. ಇದನ್ನು ಕೊಂಡರೆ ಹುಳದ ಕಾಟ ತಪ್ಪುವುದೇ, ಕೊಳ್ಳುವುದಾದರೆ ಬಾಳಿಕೆ ಬರುವಂಥದು ಯಾವುದು ಎಂದು ಕೇಳುವವರು ಹೆಚ್ಚಾಗಿದ್ದಾರೆ.

ಈ ಯಂತ್ರದ ತತ್ತ್ವ ನಮಗೆ ಹೊಸದಲ್ಲ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳುವೂ ಉಸಿರಾಡಿ ಅಲ್ಲಿದ್ದ ಪ್ರಾಣವಾಯು ಕುಗ್ಗಿದ ಮೇಲೆ ಹುಳು ಬದುಕುತ್ತಿರಲಿಲ್ಲ. ಹಗೇವು ತೆರೆದ ಕೂಡಲೇ ಯಾರೂ ಇಳಿಯಬಾರದು, ಇಳಿಬಿಟ್ಟ ದೀಪ ಆರಿದರೆ ಮನುಷ್ಯನೂ ಇಳಿಯುವಂತಿಲ್ಲ ಎಂದು ಹಿರಿಯರು ಎಚ್ಚರಿಸುತ್ತಿದ್ದುದು ಇದೇ ಕಾರಣಕ್ಕಾಗಿ. ಹಗೇವು ಇಂದಿಗೂ ಉಳಿದಿರುವ ಮನೆಗಳಲ್ಲಿ ಈ ಎಚ್ಚರಿಕೆಯನ್ನು ಮರೆಯಲಾಗದು.

ಇನ್ನು ಲೆಕ್ಕವನ್ನು ನೋಡೋಣ. ಒಬ್ಬರಿಗೆ ದಿನಕ್ಕೆ ಕೇವಲ 50 ಗ್ರಾಂ ಬೇಳೆ ಎಂದು ಹಿಡಿದರೂ ಐದು ಜನರ ಸಂಸಾರಕ್ಕೆ ವರ್ಷಕ್ಕೆ ಸುಮಾರು 91 ಕಿಲೋ ಬೇಕು. ಇದನ್ನು ಅರ್ಧ ಕಿಲೋದ ಚೀಲಗಳಲ್ಲಿ ಬೆಸೆಯುವುದಾದರೆ 180ಕ್ಕೂ ಹೆಚ್ಚು ಚೀಲಗಳು ಬೇಕಾಗುತ್ತವೆ. ಯಂತ್ರದ ಬೆಲೆ ಒಂದು ಸಲದ್ದು, ಚೀಲದ ಬೆಲೆ ಪ್ರತಿ ಸಲದ್ದು. ವರ್ಷದ ತೊಗರಿ, ಜೋಳಗಳಿಗೆ ಈ ಯಂತ್ರ ತಕ್ಕದ್ದಲ್ಲವೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಆ ರಾಶಿಗೆ ಬಿಗಿಯಾದ ಮುಚ್ಚಳವುಳ್ಳ ತಗಡಿನ ಕಣಜ ಅಥವಾ ಮೂರು ಪದರದ ಚೀಲವೇ ಸರಿ. ಮೂರು ಪದರದ ಚೀಲವೆಂದರೆ ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಎರಡು ಚೀಲ, ಹೊರಗೆ ಹೆಣೆದ ಗೋಣಿ. ಒಂದೊಂದರ ಬಾಯಿಯನ್ನೂ ಬೇರೆಬೇರೆಯಾಗಿ ತಿರುಚಿ ಬಿಗಿಯಬೇಕು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ಅಲಸಂದೆಯನ್ನು ಕಾಯಲು ಇದನ್ನು ರೂಪಿಸಿದರು. ಅಲಸಂದೆಯನ್ನು ಕೊರೆಯುವ ಹುಳುವಿನ ಜಾತಿಯೇ ನಮ್ಮ ತೊಗರಿಯನ್ನೂ ಕೊರೆಯುತ್ತದೆ. ಅದು ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುವುದುಂಟು. ಮರಿ ಕಾಳಿನೊಳಗೆ ಬೆಳೆದು ಸುಮಾರು ಒಂದು ತಿಂಗಳಿಗೆ ದುಂಡನೆಯ ತೂತು ಮಾಡಿ ಹೊರಬರುತ್ತದೆ. ಶುಚಿಯಾಗಿ ಕಾಣುವ ಕಾಳಿನಲ್ಲಿಯೂ ಹುಳು ಇದ್ದೀತೆಂದು ತಿಳಿದೇ ತುಂಬಬೇಕು. ಗೊಬ್ಬರ, ಕೀಟನಾಶಕ ಬಂದ ಖಾಲಿ ಚೀಲಗಳನ್ನು ಎಷ್ಟೇ ತೊಳೆದರೂ ಆಹಾರಕ್ಕೆ ಬಳಸಕೂಡದು.

ಹಾಗಾದರೆ ಯಂತ್ರ ಯಾವುದಕ್ಕೆ? ಸ್ವಲ್ಪ ಸ್ವಲ್ಪವಾಗಿ ಬಳಸುವ, ಗಾಳಿ ತಾಗಿ ಕೆಡುವ ಒಣ ಪದಾರ್ಥಗಳಿಗೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳಿನ ಹಿಂಡಿಗಳಲ್ಲಿ ಎಣ್ಣೆಯಂಶವಿರುವುದರಿಂದ ಗಾಳಿಗೆ ಅವು ಬೇಗ ಕಮಟು ಹಿಡಿಯುತ್ತವೆ. ಗಾಳಿ ತೆಗೆದರೆ ರುಚಿ ಬಹುಕಾಲ ನಿಲ್ಲುತ್ತದೆ. ಖಾರಪುಡಿ, ಮಸಾಲೆ, ಚೆನ್ನಾಗಿ ಒಣಗಿಸಿದ ತರಕಾರಿ ಬೀಜ ಇವಕ್ಕೂ ಒಳ್ಳೆಯದು. ದುಡಿಮೆಗೆ ಹೈದರಾಬಾದಿಗೋ ಪುಣೆಗೋ ಹೋಗುವವರ ಗಂಟಿಗೂ ಅನುಕೂಲ. ಕಡಕ್ ರೊಟ್ಟಿಗೆ ಮಾತ್ರ ಬೇಡ. ಗಾಳಿ ಹೀರಿದೊಡನೆ ಚೀಲ ಅದುಮಿ ರೊಟ್ಟಿ ಪುಡಿಯಾಗುತ್ತದೆ!

ಕೊಳ್ಳುವಾಗ ಹೊಳಪು, ಬಣ್ಣ, ಗುಂಡಿಗಳ ಸಂಖ್ಯೆ ನೋಡಿ ಮರುಳಾಗಬಾರದು. ಬೇಗ ಕೆಡುವ ಭಾಗಗಳು ಮೂರು: ಗಾಳಿ ಸೋರದಂತೆ ಅಂಚಿಗೆ ಹಾಕಿದ ರಬ್ಬರ್ ಪಟ್ಟಿ, ಚೀಲ ಬೆಸೆಯುವ ಬಿಸಿ ತಂತಿ, ಆ ತಂತಿಯ ಮೇಲೆ ಹೊದಿಸಿದ ಅಂಟದ ಪಟ್ಟಿ. ಇವು ಬಿಡಿಯಾಗಿ ಸಿಗುತ್ತವೆಯೇ, ಸೇಡಂ ಅಥವಾ ಕಲಬುರಗಿಯಲ್ಲಿ ಹಾಕಿಕೊಡುವವರಿದ್ದಾರೆಯೇ ಎಂದು ಮೊದಲು ಕೇಳಿರಿ. ಇಲ್ಲವೆಂದರೆ ಆ ಯಂತ್ರ ಎಷ್ಟು ಅಗ್ಗವಾದರೂ ದುಬಾರಿಯೇ. ಎರಡು ಸಾಲು ಬೆಸುಗೆ ಹಾಕುವುದು ಅಥವಾ ಅಗಲವಾದ ಬೆಸುಗೆ ಹಾಕುವುದು ಒಂದೇ ತೆಳು ಗೆರೆಯದಕ್ಕಿಂತ ಮೇಲು. ಒಂದರ ಹಿಂದೆ ಒಂದರಂತೆ ಎಷ್ಟು ಚೀಲ ಬೆಸೆಯಬಹುದು, ನಡುವೆ ಎಷ್ಟು ಹೊತ್ತು ಆರಲು ಬಿಡಬೇಕು ಎಂಬುದು ಕೈಪಿಡಿಯಲ್ಲಿರುತ್ತದೆ. ಅದನ್ನು ಮೀರಿದರೆ ಯಂತ್ರ ಕಾದು ಕೆಡುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಒಳಮೈ ಗೀರುಗೀರಾಗಿರುವ ವಿಶೇಷ ಚೀಲವೇ ಬೇಕು, ಕಿರಾಣಿ ಅಂಗಡಿಯ ನುಣುಪು ಚೀಲ ಸಲ್ಲದು. ಒಂದೇ ಕಂಪನಿಯ ಚೀಲಕ್ಕೆ ಕಟ್ಟಿಹಾಕುವ ಯಂತ್ರವನ್ನು ಬಿಟ್ಟುಬಿಡುವುದು ಲೇಸೆಂದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿಯೇ ಒಂದು ಪರೀಕ್ಷೆ ಮಾಡಿಸಿರಿ. ಒಂದು ಹಿಡಿ ಬೇಳೆ ಹಾಕಿ ಬೆಸೆಸಿ, ಚೀಲವನ್ನು ನೀರಿನಲ್ಲಿ ಮುಳುಗಿಸಿ ಹಿಸುಕಿರಿ. ಗುಳ್ಳೆ ಬಂದರೆ ಬೆಸುಗೆ ಸೋರುತ್ತಿದೆ. ಬರದಿದ್ದರೆ ಅದನ್ನು ಮನೆಗೆ ತಂದು ಮರುದಿನ ನೋಡಿರಿ, ಚೀಲ ಇನ್ನೂ ಕಾಳಿಗೆ ಬಿಗಿದಿರಬೇಕು. ರಸೀದಿ, ಖಾತರಿ ಪತ್ರಗಳನ್ನು ರೇಷನ್ ಕಾರ್ಡಿನ ಜೊತೆಯಲ್ಲಿಯೇ ಇಡಿರಿ. ವರ್ಷಕ್ಕೆ ಹತ್ತಾರು ಚೀಲವಷ್ಟೇ ಬೆಸೆಯುವ ಮನೆಗೆ ಸ್ವಂತ ಯಂತ್ರದ ಅಗತ್ಯವೇ ಇಲ್ಲ. ಸ್ವಸಹಾಯ ಸಂಘದ ಹತ್ತು ಮನೆಗಳು ಕೂಡಿ ಒಂದು ಗಟ್ಟಿಯಾದುದನ್ನು ಕೊಳ್ಳುವುದು ಜಾಣತನ. ಬಳಸಿದ ಮೇಲೆ ಮುಚ್ಚಳವನ್ನು ಒತ್ತಿ ಬಿಗಿದಿಡಬಾರದು, ರಬ್ಬರ್ ಚಪ್ಪಟೆಯಾಗುತ್ತದೆ. ಪುಡಿ ತುಂಬುವಾಗ ಮೇಲೆ ಒಂದು ತುಂಡು ತೆಳು ಬಟ್ಟೆಯನ್ನಿಟ್ಟು, ಚೀಲದ ಬಾಯಿಯ ಬಳಿ ನಾಲ್ಕು ಬೆರಳು ಜಾಗ ಬಿಟ್ಟರೆ ಪುಡಿ ಯಂತ್ರದೊಳಕ್ಕೆ ಹೋಗದು.

ಈಗ ಹೇಳುವುದನ್ನು ಗಂಡ ಹೆಂಡತಿ ಇಬ್ಬರೂ ಮನಸ್ಸಿಟ್ಟು ಓದಬೇಕು. ಯಂತ್ರವು ಗಾಳಿಯನ್ನು ತೆಗೆಯುತ್ತದೆಯೇ ಹೊರತು ತೇವವನ್ನಲ್ಲ, ವಿಷವನ್ನಲ್ಲ. ಬೇಯಿಸಿದ ಪಲ್ಯ, ಕುದಿಸಿದ ಶೇಂಗಾ, ಎಣ್ಣೆಯಲ್ಲಿ ಹಾಕಿದ ಹಸಿ ಬೆಳ್ಳುಳ್ಳಿ ಮೊದಲಾದ ತೇವದ ಪದಾರ್ಥಗಳನ್ನು ಗಾಳಿ ತೆಗೆದು ಹೊರಗೆ ಇರಿಸಿದರೆ, ಗಾಳಿಯಿಲ್ಲದಲ್ಲಿಯೇ ಬೆಳೆಯುವ ಬೊಟುಲಿನಮ್ ಎಂಬ ರೋಗಾಣು ಅದರಲ್ಲಿ ವಿಷ ಮಾಡಬಹುದು. ಅದಕ್ಕೆ ವಾಸನೆಯಿಲ್ಲದಿರಬಹುದು, ರುಚಿಯೂ ಕೆಡದಿರಬಹುದು. ನರಗಳನ್ನು ಹಿಡಿದು ಉಸಿರಾಟವನ್ನೇ ನಿಲ್ಲಿಸಬಲ್ಲದು. ಆರು ತಿಂಗಳು ತುಂಬಿದ ಕೂಸಿಗೆ ಕೊಡುವ ಗಂಜಿಯನ್ನು ಆಗಿಂದಾಗ ಬೇಯಿಸಿಯೇ ಕೊಡಬೇಕು. ಹುರಿದು ಬೀಸಿದ ಒಣ ಹಿಟ್ಟನ್ನು ಮಾತ್ರ ಸಣ್ಣ ಚೀಲಗಳಲ್ಲಿ ಬೆಸೆಯಬಹುದು. ಬೂಷ್ಟು ಹಿಡಿದ ಶೇಂಗಾದಲ್ಲಿ ಯಕೃತ್ತನ್ನು ಕೆಡಿಸುವ ಅಫ್ಲಟಾಕ್ಸಿನ್ ಇರಬಹುದು. ಹುರಿದರೂ ಅದು ಪೂರ್ಣ ಹೋಗದು, ಗಾಳಿ ತೆಗೆದರೂ ಹೋಗದು, ಎಸೆಯಬೇಕು.

ಆದುದರಿಂದ ಒಣಗಿಸುವುದು ಮೊದಲು, ಬೆಸೆಯುವುದು ಅನಂತರ. ಕಾಳನ್ನು ಬಿಸಿಲಿನಲ್ಲಿ ತೆಳ್ಳಗೆ ಹರವಿ ಒಣಗಿಸಿರಿ. ಒಣಗಿತೋ ಇಲ್ಲವೋ ತಿಳಿಯಲು ಒಂದು ಒಣ ಗಾಜಿನ ಬಾಟಲಿಗೆ ಕಾಳನ್ನೂ ಸ್ವಲ್ಪ ಒಣ ಉಪ್ಪನ್ನೂ ಹಾಕಿ ಚೆನ್ನಾಗಿ ಅಲುಗಿಸಿ, ಕಾಲು ಗಂಟೆ ಬಿಟ್ಟು ನೋಡಿರಿ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ಬಿಸಿಲು ಬೇಕು. ಅಂಟದಿದ್ದರೂ ತೊಗರಿಗೆ ಮತ್ತೊಂದು ದಿನದ ಬಿಸಿಲು ಕೊಟ್ಟರೆ ಒಳಿತು. ಒಣಗಿದ್ದು ತಣ್ಣಗಾದ ಮೇಲೆಯೇ ತುಂಬಬೇಕು, ಬಿಸಿಯಾಗಿ ಬೆಸೆದರೆ ಒಳಗೆ ಬೆವರುತ್ತದೆ.

ಹುಳಕ್ಕೆ ಹೆದರಿ ವಿಷದ ಗುಳಿಗೆಯನ್ನು ಮನೆಯ ಕಾಳಿನಲ್ಲಿ ಇಡುವ ರೂಢಿ ಕೆಲವೆಡೆ ಇದೆ. ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಈ ಗುಳಿಗೆ ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಅನಿಲವನ್ನು ಬಿಡುತ್ತದೆ, ಇದಕ್ಕೆ ಪ್ರತಿವಿಷವಿಲ್ಲ. ಚೀಲಗಳ ಪಕ್ಕದಲ್ಲಿಯೇ ಮಕ್ಕಳು ಮಲಗುವ ಒಂದು ಕೋಣೆಯ ಮನೆಯಲ್ಲಿ ಇದನ್ನಿಡುವುದು ಪ್ರಾಣಕ್ಕೇ ಅಪಾಯ. ತರಬೇತಿ ಪಡೆದವರು ಗೋದಾಮುಗಳಲ್ಲಿ ಬಳಸತಕ್ಕ ವಸ್ತುವದು. ಮನೆಯವರಿಗೆ ವಾಂತಿ, ಎದೆ ಬಿಗಿತ, ತಲೆಸುತ್ತು ಒಟ್ಟಿಗೆ ಕಾಣಿಸಿಕೊಂಡರೆ ಎಲ್ಲರನ್ನೂ ಬಯಲಿಗೆ ಕರೆತಂದು ಕೂಡಲೇ 108ಕ್ಕೆ ದೂರವಾಣಿ ಮಾಡಿರಿ; ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿರಿ. ಗಾಳಿಯಾಡದ ಚೀಲ ಸರಿಯಾಗಿದ್ದರೆ ಗುಳಿಗೆಯ ಅಗತ್ಯವೇ ಬೀಳದು. ಚೀಲವನ್ನು ನಡುನಡುವೆ ಬಿಚ್ಚಿ ನೋಡುವ ಚಪಲವನ್ನು ಮಾತ್ರ ತಡೆದುಕೊಳ್ಳಬೇಕು, ಬಿಚ್ಚಿದಾಗಲೆಲ್ಲ ಹುಳಕ್ಕೆ ಹೊಸ ಉಸಿರು ಸಿಗುತ್ತದೆ.

ಇಲಿಗೆ ಪ್ಲಾಸ್ಟಿಕ್ ಅಡ್ಡಿಯಲ್ಲ. ಬೆಸೆದ ಸಣ್ಣ ಚೀಲಗಳನ್ನು ತಗಡಿನ ಡಬ್ಬಿಯಲ್ಲಿಡಿರಿ. ದೊಡ್ಡ ಚೀಲಗಳನ್ನು ಫರಸಿ ಕಲ್ಲಿನ ನೆಲದ ಮೇಲೆ ನೇರವಾಗಿ ಇಡದೆ, ಗೋಡೆಗೆ ತಾಗಿಸದೆ, ಹಲಗೆಯ ಮೇಲೆ ಇರಿಸಿರಿ. ತುಂಬಿದ ತಿಂಗಳನ್ನು ಚೀಲದ ಮೇಲೆ ಬರೆದು, ಹಳೆಯದನ್ನು ಮೊದಲು ತೆಗೆದು ಬಳಸಿರಿ.