ಗಾಜಿನ ಪೆಟ್ಟಿಗೆಯೊಳಗಿನ ಮಲೆನಾಡು

(ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಅಣೆಕಟ್ಟು, ಗಣಿಗಾರಿಕೆ, ರಸ್ತೆ ಅಗಲೀಕರಣ, ಕಾಡ್ಗಿಚ್ಚು ಇವುಗಳ ಮಾತು ನಡೆಯುತ್ತದೆ. ಕರಾವಳಿಯ ಸಣ್ಣಪುಟ್ಟ ವಸ್ತುಸಂಗ್ರಹಾಲಯಗಳ ಬಗ್ಗೆ ಮಾತನಾಡುತ್ತೇನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಮೌನವಾಗಿದ್ದರು. ಆ ಮೌನ ನ್ಯಾಯವಾದದ್ದೇ. ಕಾಡಿಗೂ ಗಾಜಿನ ಪೆಟ್ಟಿಗೆಗೂ ಏನು ಸಂಬಂಧವೆಂದು ತಮಗೂ ಅನ್ನಿಸಬಹುದು. ಅದಕ್ಕೆ ಉತ್ತರ ಕೊಡುವ ಪ್ರಯತ್ನವೇ ಈ ಮಾತು.

ಘಟ್ಟದ ಮೇಲಿನವರಾದ ನಾವು ಕೆಳಗಿಳಿಯುವುದು ಅಪರೂಪವಲ್ಲ. ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ಮದುವೆ ಮುಂಜಿಗಳಿಗೆ ಆಗುಂಬೆಯನ್ನೋ ಹುಲಿಕಲ್ಲನ್ನೋ ಶಿರಾಡಿಯನ್ನೋ ಇಳಿಯುತ್ತಲೇ ಇರುತ್ತೇವೆ. ಹೋದ ಕೆಲಸ ಮುಗಿದ ಮೇಲೆ ಊರಿನ ಬಸ್ಸಿಗೆ ಇನ್ನೂ ಎರಡು ತಾಸು ಉಳಿದಿರುತ್ತದೆ. ನಾನು ಮೊದಲ ಬಾರಿಗೆ ಮಂಗಳೂರಿನಲ್ಲಿ ಸಂಗ್ರಹಾಲಯವೊಂದರ ಮೆಟ್ಟಿಲು ಹತ್ತಿದ್ದು ಕಲಾಭಿರುಚಿಯಿಂದಲ್ಲ. ಏಪ್ರಿಲ್ ತಿಂಗಳ ಸೆಕೆ ತಾಳಲಾರದೆ.

ಅದು ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ. ಪ್ರಸಿದ್ಧ ಶಸ್ತ್ರವೈದ್ಯ ಕರ್ನಲ್ ವಿ. ಆರ್. ಮಿರಜ್‌ಕರ್ ಅವರು ತಮ್ಮ ವಾಸದ ಮನೆಯನ್ನು ಸರ್ಕಾರಕ್ಕೆ ದಾನವಾಗಿ ಕೊಟ್ಟರು. ಅವರ ತಾಯಿಯವರ ಹೆಸರಿನಲ್ಲಿ ಅದು 1960ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಕಟ್ಟಡಕ್ಕೆ ಹಡಗಿನ ಆಕಾರವಿದೆ. ಶಿಲ್ಪ, ನಾಣ್ಯ, ಮರದ ಕೆತ್ತನೆಗಳು ಒಂದೇ ಸೂರಿನಡಿ ಇವೆ. ರಾಜಧಾನಿಯ ದೊಡ್ಡ ಸಂಗ್ರಹಾಲಯಗಳಲ್ಲಿ ನಡೆದು ನಡೆದು ಕಾಲು ಸೋಲುತ್ತದೆ, ಕೊನೆಗೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಇಂಥ ಚಿಕ್ಕ ಸ್ಥಳದಲ್ಲಿ ಒಂದೇ ವಸ್ತುವಿನ ಮುಂದೆ ಅರ್ಧ ತಾಸು ನಿಂತರೂ ಯಾರೂ ಮುಂದಕ್ಕೆ ತಳ್ಳುವುದಿಲ್ಲ. (ಸೋಮವಾರ ಮಾತ್ರ ಹೋಗಬೇಡಿ, ಬಾಗಿಲು ಮುಚ್ಚಿರುತ್ತದೆ. ಇದು ಸ್ವಾನುಭವ.)

ಅನಂತರ ಇದೊಂದು ರೂಢಿಯೇ ಆಯಿತು. ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಆವರಣದಲ್ಲಿ 1913ರಲ್ಲಿ ಆರಂಭವಾದ ಅಲೋಷಿಯಂ ಸಂಗ್ರಹಾಲಯ ನೋಡಿದೆ. ಅದೇ ಆವರಣದ ಪ್ರಾರ್ಥನಾ ಮಂದಿರದಲ್ಲಿ ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳಿವೆ. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬಣ್ಣ ಹಚ್ಚಿ ಬರೆದವು; ಗಾರೆ ಒಣಗುವ ಮೊದಲು ಆ ದಿನದ ಕೆಲಸ ಮುಗಿಯಲೇಬೇಕು. ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ, ಸಮುದ್ರದ ಉಪ್ಪುಗಾಳಿಯ ನಡುವೆ, ಅವು ಶತಮಾನ ದಾಟಿ ಬಾಳಿವೆ. ತಾವಾಗಿಯೇ ಬಾಳಲಿಲ್ಲ, 1990ರ ದಶಕದಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ವರ್ಷಗಟ್ಟಲೆ ಕುಳಿತು ಅವುಗಳ ಸಂರಕ್ಷಣೆ ಮಾಡಬೇಕಾಯಿತು. ನಮ್ಮ ಮನೆಗಳಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪುಸ್ತಕಗಳಿಗೆ ಬೂಸ್ಟು ಹಿಡಿಯುವುದನ್ನು ಬಲ್ಲ ತಮಗೆ ಆ ಕೆಲಸದ ಕಷ್ಟವನ್ನು ವಿವರಿಸಬೇಕಿಲ್ಲ.

ಇಷ್ಟರವರೆಗೆ ನಾನು ಕೇವಲ ಪ್ರವಾಸಿಯಾಗಿದ್ದೆ. ನೋಟ ಬದಲಾದದ್ದು ನಮ್ಮೂರಿನ ಹಿರಿಯ ಬಡಗಿಯೊಬ್ಬರ ದೆಸೆಯಿಂದ. ಊರಿನವರೆಲ್ಲ ಅವರನ್ನು ಆಚಾರ್ರು ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಕಣ್ಣಿನ ಪೊರೆಯ ಚಿಕಿತ್ಸೆಗೆ ಅವರನ್ನು ಕೆಳಗೆ ಕರೆದುಕೊಂಡು ಹೋಗಿದ್ದೆ. ವೈದ್ಯರು ಮಧ್ಯಾಹ್ನ ಬರಹೇಳಿದರು. ಹತ್ತಿರದಲ್ಲೊಂದು ಸಂಗ್ರಹಾಲಯವಿತ್ತು, ಅದರ ಹೆಸರು ಇಲ್ಲಿ ಬೇಡ. ಆಚಾರ್ರಿಗೆ ಕಣ್ಣು ಸರಿಯಾಗಿ ಕಾಣಿಸುತ್ತಿರಲಿಲ್ಲ, ಹೀಗಾಗಿ ಅವರು ವಸ್ತುಗಳನ್ನು ಮುಟ್ಟಿ ನೋಡತೊಡಗಿದರು. ಕಾವಲುಗಾರ ಗದರಿಸಿದ. ಆಚಾರ್ರು ಕೈ ಹಿಂದಕ್ಕೆ ತೆಗೆದು, "ಮಾಷ್ಟ್ರೇ, ಇದು ಹಲಸಲ್ಲ. ಹೆಬ್ಬಲಸು" ಎಂದರು. ಪಕ್ಕದ ಚೀಟಿಯಲ್ಲಿ "ಮರದ ಪೆಟ್ಟಿಗೆ" ಎಂದಷ್ಟೇ ಬರೆದಿತ್ತು. ಕಾವಲುಗಾರ ಹತ್ತಿರ ಬಂದ. ಮತ್ತೊಂದು ವಸ್ತು ತೋರಿಸಿ, "ಇದು?" ಎಂದು ಕೇಳಿದ. ಮುಂದಿನ ಒಂದು ತಾಸು ಅವನೇ ಕಿಟಕಿಗಳನ್ನು ತೆರೆದು ಬೆಳಕು ಬಿಟ್ಟುಕೊಟ್ಟ.

ಹೆಬ್ಬಲಸು ಪಶ್ಚಿಮ ಘಟ್ಟಗಳಿಗೇ ಸೀಮಿತವಾದ ಮರ. ಜಗತ್ತಿನ ಬೇರೆಡೆ ಸಹಜವಾಗಿ ಬೆಳೆಯುವುದಿಲ್ಲ. ನೀರಿಗೆ ಜಗ್ಗದ ಅದರ ಮರದಿಂದ ಕರಾವಳಿಯವರು ದೋಣಿ ಕಟ್ಟಿದರು. ಹಾಯಿಹಡಗುಗಳ ಕೂವೆಮರಕ್ಕೆ ಸುರಹೊನ್ನೆಯ ಜಾತಿಗೆ ಸೇರಿದ ಎತ್ತರದ ಕಾಡುಮರಗಳು ಬೇಕಾಗಿದ್ದವು. ಇಂಗ್ಲಿಷರು ಅವನ್ನು ಪೂನ್ ಎಂದು ಕರೆದು, ಕನ್ನಡ ಜಿಲ್ಲೆಯ ಕಾಡುಗಳಿಂದ ಇಳಿಸಿಕೊಂಡರು. ಹೀಗೆ ಯೋಚಿಸುತ್ತ ಹೋದರೆ ಕರಾವಳಿಯ ಸಂಗ್ರಹಾಲಯಗಳಲ್ಲಿರುವ ವಸ್ತುಗಳಲ್ಲಿ ಎಷ್ಟೋ ಘಟ್ಟವಿಳಿದು ಬಂದಂಥವು. ಆದರೆ ಯಾವ ಚೀಟಿಯೂ ಅದನ್ನು ಹೇಳುವುದಿಲ್ಲ. ಯಾವ ರಾಜನ ಕಾಲ, ಯಾವ ಶತಮಾನ ಎಂಬುದು ಸಿಗುತ್ತದೆ. ಯಾವ ಮರ, ಯಾವ ಕಾಡು ಎಂಬುದು ಸಿಗುವುದಿಲ್ಲ. ನಾವು ಕಳೆದುಕೊಂಡ ಕಾಡಿನ ಲೆಕ್ಕವನ್ನು ಅರಣ್ಯ ಇಲಾಖೆಯ ಕಡತಗಳಲ್ಲಿ ಹುಡುಕುತ್ತೇವೆ. ಅದರ ಇನ್ನೊಂದು ಲೆಕ್ಕ ಈ ಕೋಣೆಗಳಲ್ಲಿ ಹೆಸರಿಲ್ಲದೆ ಕುಳಿತಿದೆ.

ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವನ್ನು ತಾವು ಖಂಡಿತ ನೋಡಬೇಕು. ಇತಿಹಾಸದ ಪ್ರಾಧ್ಯಾಪಕರಾದ ತುಕಾರಾಮ ಪೂಜಾರಿಯವರು ಊರೂರು ಸುತ್ತಿ ತುಳುನಾಡಿನ ಬದುಕಿನ ಸಾಮಗ್ರಿಗಳನ್ನು ಒಟ್ಟುಗೂಡಿಸಿದ್ದಾರೆ. ಅಲ್ಲಿ ಪ್ರಾಧಾನ್ಯ ಇರುವುದು ಅರಸರ ಕಿರೀಟಕ್ಕಲ್ಲ. ಉಳುವವರ, ಅಡುಗೆ ಮಾಡುವವರ, ಬುಟ್ಟಿ ಹೆಣೆಯುವವರ ಕೈಯಲ್ಲಿ ಸವೆದ ವಸ್ತುಗಳಿಗೆ. ಅಡಕೆ ಹಾಳೆಯ ಮುಟ್ಟಾಳೆ, ಅಕ್ಕಿಮುಡಿ, ಗೊರಬು, ಓಲೆಯ ಕೊಡೆ ಇಂಥವನ್ನೆಲ್ಲ ನಾವು ನಮ್ಮ ಬಾಲ್ಯದಲ್ಲಿ ಬಳಸಿ ಎಸೆದವರು. ತಾನು ಎಸೆದ ವಸ್ತುವನ್ನು ಬೇರೊಬ್ಬರು ಜೋಪಾನ ಮಾಡಿದ್ದನ್ನು ನೋಡುವಾಗ ಮನುಷ್ಯನಿಗೆ ಒಂದು ಬಗೆಯ ನಾಚಿಕೆಯಾಗುತ್ತದೆ.

ಓಲೆಯ ಕೊಡೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳುತ್ತೇನೆ. ಅದು ಶ್ರೀತಾಳೆಯ ಗರಿಯದು. ನಮ್ಮ ಮಠಗಳ ತಾಳೆಯೋಲೆ ಗ್ರಂಥಗಳಿಗೂ ಅದೇ ಗರಿ ಬೇಕಿತ್ತು. ಶ್ರೀತಾಳೆ 30ರಿಂದ 80 ವರ್ಷ ಬದುಕಿ, ಆಯುಷ್ಯದಲ್ಲಿ ಒಂದೇ ಸಲ ನೆತ್ತಿಯ ಮೇಲೆ ಭಾರಿ ಹೂಗೊಂಚಲು ಬಿಟ್ಟು, ಕಾಯಿ ಮಾಗಿದ ಮೇಲೆ ಸತ್ತುಹೋಗುತ್ತದೆ. ಅದು ಹೂ ಬಿಟ್ಟರೆ ಊರಿಗೆ ಕೇಡು ಎಂಬ ನಂಬಿಕೆಯಿಂದ ಹೂವಾಗುವ ಮೊದಲೇ ಕಡಿದ ಉದಾಹರಣೆಗಳು ಕರಾವಳಿಯಲ್ಲಿ ಉಂಟು. ಹೂವಾಗುವ ಮುಂಚೆ ಕಡಿದರೆ ಬೀಜವಿಲ್ಲ. ಬೀಜವಿಲ್ಲದಿದ್ದರೆ ಮುಂದಿನ ಮರವಿಲ್ಲ. ಕೊಡೆಯ ಚೀಟಿಯಲ್ಲಿ ಇಷ್ಟನ್ನು ಬರೆದರೆ ಅದನ್ನು ನೋಡಿದ ಮಗು ಮನೆಗೆ ಹೋಗಿ ಶ್ರೀತಾಳೆ ಎಲ್ಲಿದೆಯೆಂದು ಕೇಳುವುದಿಲ್ಲವೇ?

ಹಂಚಿನ ಕಥೆ ತಮಗೆ ಗೊತ್ತಿರುವುದೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಳಿಹುಲ್ಲಿನ ಮಾಡುಗಳು ಕ್ರಮೇಣ ಕೆಂಪು ಹಂಚಿನವಾದವು; ಬೆಂಕಿಯ ಭಯ, ವರ್ಷವರ್ಷದ ಹೊದಿಕೆಯ ಶ್ರಮ ತಪ್ಪಿತು. ಅದನ್ನು ನಾನು ಉಪಕಾರವೆಂದೇ ಎಣಿಸುತ್ತೇನೆ. ಆದರೆ ಜೇಡಿಮಣ್ಣು ನದಿಯದು, ಗೂಡಿನ ಬೆಂಕಿಗೆ ಕಟ್ಟಿಗೆ ಕಾಡಿನದು. ಹಂಚನ್ನು ಮಗುಚಿ ಹಿಡಿದರೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದು ಕಾಣುತ್ತದೆ. ಕಟ್ಟಿಗೆ ಬಂದ ಊರಿನ ಹೆಸರನ್ನು ಯಾರೂ ಅಚ್ಚೊತ್ತಲಿಲ್ಲ.

ಇನ್ನು ದೇವಾಲಯಗಳ ವಿಷಯ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದಲ್ಲಿ ಆಳೆತ್ತರದ ಮರದ ಭೂತಶಿಲ್ಪಗಳಿದ್ದವು. ಕಳೆದ ಶತಮಾನದ ಅರವತ್ತರ ದಶಕದಲ್ಲಿ ಜೀರ್ಣೋದ್ಧಾರ ನಡೆದು ಹೊಸ ಮೂರ್ತಿಗಳು ಬಂದವು. ಹಳೆಯವುಗಳಲ್ಲಿ ಹಲವು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ಅಲ್ಲಿ ಅವು ಕ್ಷೇಮವಾಗಿವೆ ಎನ್ನುವುದು ನಿಜ. ಅವುಗಳನ್ನು ನೋಡಬೇಕಾದರೆ ಮೆಕ್ಕೆಕಟ್ಟಿನ ಮಕ್ಕಳು ಎರಡು ದಿನ ರೈಲಿನಲ್ಲಿ ಕೂರಬೇಕು ಎನ್ನುವುದೂ ನಿಜ. ಉತ್ತರ ಕನ್ನಡದ ಕರಾವಳಿಯ ಗುಡಿಗಳಲ್ಲಿದ್ದ ಕಾವಿ ಚಿತ್ರಗಳಿಗೆ ಈ ಭಾಗ್ಯವೂ ಇಲ್ಲ. ಚಿಪ್ಪು ಸುಟ್ಟು ಮಾಡಿದ ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಹಚ್ಚಿ, ಹಸಿಯಿರುವಾಗಲೇ ಕೆರೆದು ಬಿಳಿಯನ್ನು ಹೊರತರುವ ಕಲೆ ಅದು. ಗೋಡೆ ಉರುಳಿಸಿದರೆ ಚಿತ್ರವೂ ಮಣ್ಣುಪಾಲು. ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ಅಲೆದು ಅವುಗಳ ದಾಖಲೆ ಮಾಡಿದರು. ಅಂಥವರ ಶ್ರಮ ಇರದಿದ್ದರೆ ಎಷ್ಟೋ ಗೋಡೆಗಳ ಮೇಲೆ ಏನಿತ್ತೆಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಕರಾವಳಿಗೆ ಹೋದಾಗ ಗ್ರಾನೈಟು ಇನ್ನೂ ಮುಟ್ಟದ ಹಳೆಯ ಗುಡಿ ಕಂಡರೆ ದಯವಿಟ್ಟು ಒಳಗೆ ಹೋಗಿ ಗೋಡೆಗಳನ್ನು ನೋಡಿ. ಅದೂ ಒಂದು ಚಿತ್ರಶಾಲೆಯೇ.

ಮಣಿಪಾಲದ ಹಸ್ತಶಿಲ್ಪ ಗ್ರಾಮದ ಬಗ್ಗೆ ನನ್ನೊಳಗೆ ಎರಡು ಅಭಿಪ್ರಾಯಗಳಿವೆ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು, ಬೀಳಲಿದ್ದ ಹಳೆಯ ಮನೆಗಳನ್ನು ತೊಲೆ ಕಂಬಗಳ ಸಮೇತ ಬಿಚ್ಚಿ ತಂದು ಅಲ್ಲಿ ಮರಳಿ ಕಟ್ಟಿಸಿದರು. ಒಬ್ಬ ಮನುಷ್ಯನ ಹಟದಿಂದ ಇಷ್ಟೂ ಸಾಧ್ಯವೇ ಎಂದು ಬೆರಗಾಗುತ್ತದೆ. ಮನೆಯೊಂದಿಗೆ ಅದರ ಅಂಗಳ, ಬಾವಿ, ಹಿತ್ತಿಲ ಕಾಡು ಬರಲಾರವಲ್ಲ ಎಂದು ವ್ಯಥೆಯೂ ಆಗುತ್ತದೆ. ಆದರೆ ಆ ಮನೆಗಳ ಮುಂದಿದ್ದ ಇನ್ನೊಂದು ದಾರಿ ಗುಜರಿಯದ್ದೋ ಹೋಟೆಲುಗಳ ಅಲಂಕಾರದ್ದೋ ಆಗಿತ್ತೆಂಬುದನ್ನು ಮರೆತು ನಾನು ವ್ಯಥೆಪಡುವುದು ಸುಲಭದ ಕೆಲಸ.

ಕಾರವಾರದ ಕಡಲತೀರದಲ್ಲಿ ಐ.ಎನ್.ಎಸ್. ಚಪಲ ಎಂಬ ಕ್ಷಿಪಣಿ ದೋಣಿಯನ್ನು ದಡಕ್ಕೇರಿಸಿ 2006ರಿಂದ ಸಂಗ್ರಹಾಲಯ ಮಾಡಿದ್ದಾರೆ. ಮಕ್ಕಳಿಗೆ ಬಲು ಪ್ರಿಯ. ಅಲ್ಲಿಂದ ದೂರವೇನಿಲ್ಲದ ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ನೆಲ ಬಿಟ್ಟವು. ಅವರ ಬಲೆ, ಗಾಣ, ತುಳಸಿಕಟ್ಟೆಗಳಿಗೆ ಒಂದು ಕೋಣೆ ಇದ್ದಿದ್ದರೆ ಎಂದು ನಾನು ಪ್ರತಿಸಲ ಅಂದುಕೊಳ್ಳುತ್ತೇನೆ. ಶರಾವತಿಯ ಹಿನ್ನೀರಿನಿಂದ ಎದ್ದು ಬಂದವರು ಈ ಸಭೆಯಲ್ಲಿಯೂ ಇದ್ದೀರಿ. ನಾನು ಹೆಚ್ಚು ಹೇಳಬೇಕಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಆಚಾರ್ರು ಹೆಬ್ಬಲಸು ಎಂದು ಗುರುತಿಸಿದ ಆ ಪೆಟ್ಟಿಗೆ ಭತ್ತ ತುಂಬುವ ಪತ್ತಾಯ. ಮುಚ್ಚಳ ಕೂಡಿಸಿದ ಬಗೆಯನ್ನು ಬೆರಳಿನಿಂದ ಸವರಿ, "ಇದು ಘಟ್ಟದ ಮೇಲಿನ ಕೆಲಸ ಮಾಷ್ಟ್ರೇ, ಕೆಳಗಿನವರದ್ದಲ್ಲ" ಎಂದರು ಅವರು. ನನಗೆ ಬೆವರು ಬಂತು. ನಮ್ಮ ಮನೆಯಲ್ಲಿ ಅಂಥದೇ ಒಂದು ಪತ್ತಾಯವಿತ್ತು. ಗದ್ದೆ ತೋಟವಾದ ಮೇಲೆ ಅದರಲ್ಲಿ ತುಂಬಲು ಭತ್ತವಿರಲಿಲ್ಲ, ಜಾಗ ಮಾತ್ರ ತಿನ್ನುತ್ತಿತ್ತು. ಹಳೆಯ ಸಾಮಾನು ಕೊಳ್ಳುವವನೊಬ್ಬ ಜೀಪಿನಲ್ಲಿ ಬಂದಾಗ ಹಿತ್ತಾಳೆಯ ಹಂಡೆಯ ಜೊತೆಗೆ ಅದನ್ನೂ ಕೊಟ್ಟುಬಿಟ್ಟೆ. ಚೌಕಾಸಿ ಕೂಡ ಮಾಡಲಿಲ್ಲ. ನಮ್ಮ ಪತ್ತಾಯದ ಮುಚ್ಚಳದ ಬಲ ಅಂಚಿನಲ್ಲಿ ಇಲಿ ಕಡಿದ ಗುರುತಿತ್ತು. ಸಂಗ್ರಹಾಲಯದ ಪತ್ತಾಯದ ಬಲ ಅಂಚು ಗೋಡೆಯ ಕಡೆಗಿತ್ತು. ಎಲ್ಲಿಂದ ಬಂದದ್ದೆಂದು ಕಾವಲುಗಾರನನ್ನು ಕೇಳಿದೆ. ದಾಖಲೆ ಪುಸ್ತಕದಲ್ಲಿ ಊರಿನ ಹೆಸರಿಲ್ಲ ಎಂದ.

ಆಚಾರ್ರ ಕಣ್ಣು ಸರಿಯಾಯಿತು. ಆದರೆ ಮರುವರ್ಷ ಮಳೆಗಾಲದಲ್ಲಿ ಅವರೇ ತೀರಿಕೊಂಡರು. ಮರ ಮುಟ್ಟಿ ಹೆಸರು ಹೇಳುವವರು ನಮ್ಮ ತಾಲ್ಲೂಕಿನಲ್ಲಿ ಇನ್ನೆಷ್ಟು ಮಂದಿ ಇದ್ದಾರೆಂದು ಹುಡುಕತೊಡಗಿದ್ದು ಆಮೇಲೆ. ನಾಲ್ವರು ಸಿಕ್ಕಿದ್ದಾರೆ, ಒಬ್ಬರು ಎಂಬತ್ತು ದಾಟಿದವರು.

ಆದ್ದರಿಂದ ಬಳಗದ ಮುಂದೆ ನನ್ನದೊಂದು ಕೋರಿಕೆ ಇದೆ. ಮಳೆ ನಿಂತ ಮೇಲೆ ಈ ನಾಲ್ವರನ್ನು ಕರೆದುಕೊಂಡು ಕರಾವಳಿಯ ಸಂಗ್ರಹಾಲಯಗಳಿಗೆ ಹೋಗೋಣ. ಅಲ್ಲಿಯವರ ಒಪ್ಪಿಗೆ ಪಡೆದು ಒಂದೊಂದು ವಸ್ತುವಿನ ಮರ, ಎಲೆ, ಬಳ್ಳಿಗಳ ಹೆಸರನ್ನು ಬರೆದುಕೊಡೋಣ. ಬಂಟ್ವಾಳದಲ್ಲಾಗಲಿ ಬಿಜೈಯಲ್ಲಾಗಲಿ ಬೇಡವೆನ್ನುತ್ತಾರೆಂದು ನನಗೆ ತೋರುವುದಿಲ್ಲ. ಅದಕ್ಕೆ ಮೊದಲು ನಮ್ಮ ನಮ್ಮ ಮನೆಗಳ ಅಟ್ಟದಲ್ಲಿ ಏನುಳಿದಿದೆ, ಏನು ಮಾರಿಹೋಯಿತು ಎಂಬುದರ ಪಟ್ಟಿಯಾಗಬೇಕು. ಅದಕ್ಕಾಗಿ ಒಂದು ಪುಸ್ತಕವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಮೊದಲ ಸಾಲನ್ನು ನಾನೇ ಬರೆದಿದ್ದೇನೆ: ಪತ್ತಾಯ ಒಂದು, ಹೆಬ್ಬಲಸಿನದು, ಮುಚ್ಚಳದ ಬಲ ಅಂಚಿನಲ್ಲಿ ಇಲಿ ಕಡಿದ ಗುರುತು, ಮಾರಲಾಗಿದೆ.